ಒಂದೂಕಾಲು ಗಂಟೆಯ ದಾರಿ

ಅರೆಕೆರೆ ಗೇಟಿನ ಬಸ್ ಸ್ಟಾಪಿನಲ್ಲಿ ಮಹಾಂತೇಶ್ ಎದುರಿಗೇ ನಿಂತಿದ್ದ! ಸಿರಿ ತಿರುಗಿ ಹೋಗೋಣವೆಂದುಕೊಂಡಳು. ಅಷ್ಟರಲ್ಲಿ ಅವನು ನೋಡಿಬಿಟ್ಟಿದ್ದ...

ಅವನ ಅಜ್ಜಿ ತೀರಿಕೊಂಡ ಮೇಲೆ ಅವಳು ಅವನ ಒಂದು ಫೋನನ್ನೂ ಎತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುತ್ತಾಳೆ ಹೇಳಿ?

ಹೋದ ವಾರ ಇಬ್ಬರೂ ಗೆಳತಿ ಪ್ರಕೃತಿಯ ಮದುವೆಗೆಂದು ಮೈಸೂರಿಗೆ ಹೋಗಿದ್ದರು. ಮಧ್ಯಾಹ್ನ ಕಲಬುರಗಿಯಿಂದ ಅವನಿಗೆ ಫೋನ್ ಬಂತು. ಅಜ್ಜಿಗೆ ಹುಷಾರಿಲ್ಲ, ಬೇಗ ಬಾ ಎಂದರು. ಅವನು ಆಗಲೇ ಬ್ಯಾಗು ಹೆಗಲಿಗೇರಿಸಿ ರೈಲಿಗೆ ಹೊರಟು ನಿಂತಿದ್ದ.

ಸಿರಿ ಮೊಬೈಲಿನಲ್ಲಿ ಮೈಸೂರು ಏರ್‌ಪೋರ್ಟಿನಿಂದ ಕಲಬುರಗಿ ಏರ್‌ಪೋರ್ಟಿಗೆ ಎಷ್ಟು ದೂರವೆಂದು ಹುಡುಕಿದಳು. ವಿಮಾನದಲ್ಲಿ ಒಂದೂಕಾಲು ಗಂಟೆ ಎಂದು ತೋರಿಸಿತು.

"ರೈಲಲ್ಲಿ ಯಾಕೆ ಒದ್ದಾಡ್ತೀಯಾ? ಬೆಳಿಗ್ಗೆ ಫ್ಲೈಟಲ್ಲಿ ಹೋಗು. ಇವತ್ತೊಂದು ಸಂಜೆ ಇರು, ಪ್ಲೀಸ್."

ಅವನು ಉಳಿದ. ರಿಸೆಪ್ಷನ್ನಿನಲ್ಲಿ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಸಂಭ್ರಮದಲ್ಲಿ ಅವಳು ಟಿಕೆಟ್ ನೋಡುವುದನ್ನು ಬೆಳಿಗ್ಗೆಗೆ ಬಿಟ್ಟಳು.

ಆ ಒಂದೂಕಾಲು ಗಂಟೆ, ಯಾವುದೋ ವೆಬ್‌ಸೈಟು ಎರಡು ಊರಿನ ನಡುವೆ ನೇರ ಗೆರೆ ಎಳೆದು ಹಾಕಿದ ಲೆಕ್ಕ. ಆ ಗೆರೆಯ ಮೇಲೆ ಹಾರುವ ವಿಮಾನವೇ ಇರಲಿಲ್ಲ! ಬೆಳಿಗ್ಗೆ ಅದು ಗೊತ್ತಾಗಿ, ಅವನು ಸಿಕ್ಕ ಸಿಕ್ಕ ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಜ್ಜಿಯನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮಣ್ಣು ಮಾಡಿಬಿಟ್ಟಿದ್ದರು. ಕೊನೆಯ ವಿಭೂತಿ ಮೊಮ್ಮಗನ ಕೈಯಿಂದಲೇ ಆಗಬೇಕೆಂದು ಆ ಜೀವ ಮನೆಮಂದಿಗೆಲ್ಲ ಹೇಳಿಟ್ಟಿತ್ತಂತೆ. ಇದೆಲ್ಲ ಸಿರಿಗೆ ಪ್ರಕೃತಿಯ ಬಾಯಿಂದ ಗೊತ್ತಾಗಿತ್ತು.

ನನ್ನ ಮುಖ ಕಂಡರೇ ಅವನಿಗೆ ಆಗುವುದಿಲ್ಲ ಎಂದುಕೊಂಡು ಸಿರಿ ದಿನ ದೂಡಿದ್ದಳು. ಈಗ ಅವನೇ ಎದುರಿಗೆ ಬಂದು ನಿಂತ. ಗಡ್ಡ ಬಂದಿತ್ತು, ಕಣ್ಣು ಕೆಂಪಾಗಿದ್ದವು.

"ಫೋನ್ ಯಾಕೆ ಎತ್ಲಿಲ್ಲ?"

ಗೊಟ್ಟಿಗೆರೆ ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ನಂಗೆ ಆಗ್ಲೇ ಅನುಮಾನ ಬಂದಿತ್ತು ಮಹಾಂತೇಶ್... ಮೈಸೂರಿಂದ ಕಲಬುರಗಿಗೆ ಫ್ಲೈಟ್ ಇದೆ ಅಂತ ನಾನು ಯಾವತ್ತೂ ಕೇಳಿರ್ಲಿಲ್ಲ. ಆದ್ರೂ ಟಿಕೆಟ್ ನೋಡ್ಲಿಲ್ಲ. ನೋಡಿದ್ರೆ ನೀನು ಹೊರಟುಬಿಡ್ತಿದ್ದೆ."

ಹೇಳಿಬಿಟ್ಟಳು. ಇಷ್ಟು ದಿನ ಯಾರಿಗೂ ಹೇಳದ ಮಾತು ಅದು. ಇನ್ನು ಅವನು ಹೋಗಿಬಿಡುತ್ತಾನೆ ಎಂದು ತಲೆ ತಗ್ಗಿಸಿ ನಿಂತಳು.

ಅವನು ಹೋಗಲಿಲ್ಲ.

"ಸಿಟ್ಟಿದೆ ಸಿರಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅಜ್ಜಿ ಹೋದ ಸಂಕಟ ನಿನ್ ಹತ್ರ ಹೇಳ್ಕೊಳ್ದೆ ಇನ್ಯಾರ ಹತ್ರ ಹೇಳ್ಕೊಳ್ಲಿ? ಅದಕ್ಕೇ ಫೋನ್ ಮಾಡ್ತಿದ್ದೆ."

ಸಿರಿಗೆ ಅಳು ಒತ್ತರಿಸಿ ಬಂತು. ತನ್ನ ತಪ್ಪನ್ನೇ ತಬ್ಬಿಕೊಂಡು ಕೂತು, ಅವನನ್ನು ಒಬ್ಬನೇ ಬಿಟ್ಟಿದ್ದಳಲ್ಲ... ಮೊದಲನೆಯದಕ್ಕಿಂತ ಇದೇ ದೊಡ್ಡ ತಪ್ಪೆನಿಸಿತು.

ಭಾನುವಾರ ಅಜ್ಜಿಯ ಹೆಸರಲ್ಲಿ ಶಿವಗಣಾರಾಧನೆ ಇದೆಯೆಂದ. ಸಮಾಧಿಗಾದರೂ ತನ್ನ ಕೈಯಾರೆ ವಿಭೂತಿ ಹಚ್ಚಬೇಕೆಂದ.

"ಒಬ್ನೇ ಆ ಮಣ್ಣಿನ ಮುಂದೆ ನಿಲ್ಲಕ್ಕೆ ಆಗ್ತಿಲ್ಲ. ನಿನ್ನ ಕರ್ಕೊಂಡು ಹೋಗಕ್ಕೇ ಬಂದೆ. ಬರ್ತೀಯಾ?"

"ನಾನು ಬರ್ಬಹುದಾ?"

"ನೀನೇ ಬರ್ಬೇಕು."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. ಅವನೂ ಬಿಗಿಯಾಗಿ ಹಿಡಿದುಕೊಂಡ. ಮೆಲ್ಲಗೆ ಕೇಳಿದ:

"ಕಲಬುರಗಿಗೆ ಎಷ್ಟು ಹೊತ್ತಿನ ದಾರಿ, ಹೇಳು?"

ಸಿರಿ ಮೊಬೈಲನ್ನು ಬ್ಯಾಗಿನೊಳಗೆ ಹಾಕಿಬಿಟ್ಟಳು.

"ಗೊತ್ತಿಲ್ಲ. ನಡಿ, ಸ್ಟೇಷನ್ನಿಗೇ ಹೋಗಿ ಕೇಳೋಣ."