ಇಟಲಿ ಪ್ಲೇಟಿನ ಧಾಟಿ

ಜಮಖಂಡಿ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯಲ್ಲಿ ಆ ಹಾಡು ಶುರುವಾದಾಗ ಚಿದಾನಂದ ಮಾಸ್ತರರ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಅವರು ಇಳಿದುಬಿಟ್ಟರು.

ಧಾಟಿ ತಮ್ಮದು. ಹಾಡುತ್ತಿದ್ದವನು ಯಾರೋ. ಮಾತೂ ಬೇರೆ — ಮಾವನ ಮಗಳನ್ನು ಕಾಡಿಸುವ ಚೇಷ್ಟೆಯ ಹಾಡು.

"ಇದು ಯಾವಾಗ ಬಂತು?"

"ಎಂಟ ದಿನ ಆತ್ರಿ. ಮುಧೋಳದವರು ತಗದಾರ. ಭಾಳ ಓಡಾಕತ್ತೈತಿ," ಎಂದ ಅಂಗಡಿಯವ.

ಹೇಗೆ ಸಾಧ್ಯ? ಮಾಸ್ತರರ ಕ್ಯಾಸೆಟ್ ಇನ್ನೂ ಹೊರಗೇ ಬಂದಿರಲಿಲ್ಲ. ಈ ಹಾಡಿನ ಮೂಲ ಟೇಪು ಬನಹಟ್ಟಿಯ ಮನೆಯ ಟ್ರಂಕಿನಲ್ಲಿತ್ತು; ಟ್ರಂಕಿನ ಕೀಲಿ ಅವರ ಉಡಿದಾರದಲ್ಲಿತ್ತು.

ಅದು ೨೦೦೧ನೇ ಇಸವಿ. ಹಾರ್ಮೋನಿಯಂ ಕಲಿಸಿ ಬದುಕುತ್ತಿದ್ದ ಮಾಸ್ತರರು ಸೊಲ್ಲಾಪುರದ ಹಳೆ ಸಾಮಾನಿನ ಬಜಾರಿನಿಂದ ಕೆಟ್ಟುನಿಂತ ರೆಕಾರ್ಡ್ ಪ್ಲೇಯರ್ ಒಂದನ್ನು ತಂದಿದ್ದರು. ಅದರ ಜೊತೆಗೇ ಬಂದ ಪ್ಲೇಟು ಇಟಲಿಯ ಯಾವುದೋ ಹಳೆಯ ಸಿನಿಮಾದ ಸಂಗೀತ. ಬನಹಟ್ಟಿ ಬಜಾರಿನ ರೇಡಿಯೋ ರಿಪೇರಿಯ ಲಗಮಪ್ಪ, ಮಾಸ್ತರರ ಹಳೆಯ ಗೆಳೆಯ, ಯಂತ್ರವನ್ನು ರಿಪೇರಿ ಮಾಡಿಕೊಟ್ಟ. ಮನೆಯಲ್ಲಿ ಪ್ಲೇಟು ತಿರುಗಿತು. ಮೊದಲು ತುತ್ತೂರಿ, ಆಮೇಲೆ ಹೆಂಗಸೊಬ್ಬಳ ಪದವಿಲ್ಲದ ದನಿ. ಮಾಸ್ತರರು ನಾಲ್ಕು ತಿಂಗಳು ಅದರ ಬೆನ್ನು ಬಿದ್ದರು. ಓಟ ತಗ್ಗಿಸಿದರು, ತಬಲಾ ಕೂಡಿಸಿದರು, ಅಣೆಕಟ್ಟಿನ ಹಿನ್ನೀರು ಊರಿಗೆ ನುಗ್ಗಿದಾಗ ಅನಗವಾಡಿಯ ಹೆಣ್ಣುಮಕ್ಕಳು ಒಲೆಗಲ್ಲು ಹೊತ್ತು ದಿಬ್ಬ ಹತ್ತಿದ ಕಥೆಯನ್ನು ಅದಕ್ಕೆ ಮಾತಾಗಿ ಹೆಣೆದರು.

ಧಾಟಿ ಗೊತ್ತಿದ್ದವರು ಇನ್ನಿಬ್ಬರೇ. ಕೀಬೋರ್ಡ್ ನುಡಿಸಿದ ಮುತ್ತಣ್ಣ, ಹಾಡಿದ ವೈಶಾಲಿ.

"ನೀ ಯಾರ ಮುಂದರ ಬಾರಿಸಿದ್ಯೇನಪಾ?" ಮುತ್ತಣ್ಣನನ್ನು ಕೇಳಿದರು.

"ನಾನು ಕೊಟ್ಟಿದ್ರ ಆ ಹಾಡಿನ್ಯಾಗ ಕೀಬೋರ್ಡ್ ಅಷ್ಟು ಹೊಲಸ ಇರ್ತಿತ್ತೇನ್ರಿ?"

ಅದೂ ಖರೆ ಅನ್ನಿಸಿತು. ಹಾಗಾದರೆ?

ತಲೆ ಕೆಟ್ಟು ಲಗಮಪ್ಪನ ಅಂಗಡಿಯಲ್ಲಿ ಕೂತರು. ಲಗಮಪ್ಪ ಚಹಾ ತರಿಸಿದ. "ವೈಶಾಲಿಯ ಅಕ್ಕನ್ನ ಮುಧೋಳಕ್ಕ ಕೊಟ್ಟಾರಲ್ಲ, ಮಾಸ್ತರ? ನಾ ಏನೂ ಅನ್ನಂಗಿಲ್ಲ. ಆದ್ರ ಕ್ಯಾಸೆಟ್ ಬಂದದ್ದೂ ಮುಧೋಳದಿಂದನ."

ಮಾಸ್ತರರು ವೈಶಾಲಿಯನ್ನು ಕೇಳಿಯೇಬಿಟ್ಟರು. ಹುಡುಗಿ ಚಪ್ಪಲಿ ಮೆಟ್ಟಿ ಹೊರಟುಹೋದಳು. ಮರುದಿನ ಅವಳ ಅಣ್ಣನಿಂದ ಮಾತು ಬಂತು: ಇನ್ನು ಅವಳು ಎಲ್ಲಿಯೂ ಹಾಡುವುದಿಲ್ಲ. ಅವಳು ಹಾಡದಿದ್ದರೆ ರೆಕಾರ್ಡ್ ಆಗದೆ ಉಳಿದ ಎರಡು ಹಾಡಿಲ್ಲ, ಕ್ಯಾಸೆಟ್ಟೂ ಇಲ್ಲ. ತಪ್ಪು ಅವಳದೋ, ಕೇಳಿದ ತಮ್ಮದೋ — ಮಾಸ್ತರರಿಗೆ ತಿಳಿಯದಾಯಿತು.

ಮೂರನೆಯ ದಿನ ಮಧ್ಯಾಹ್ನ ವೈಶಾಲಿಯ ಸೋದರತ್ತೆ ಅನಸವ್ವ ಅವಳನ್ನು ಕೈಹಿಡಿದು ಕರೆತಂದಳು. ರಬಕವಿಯಲ್ಲಿ ಸೀರೆಯ ಡಿಸೈನಿಗೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವುದು ಅನಸವ್ವನ ಕೆಲಸ. ನೇಯ್ಗೆಯಲ್ಲಿ ತಪ್ಪು ಬಿದ್ದರೆ ಅದು ಮಗ್ಗದ್ದೋ, ಕಾರ್ಡಿನದ್ದೋ, ನೇಕಾರನದ್ದೋ ಎಂದು ಹೇಳಲು ರಬಕವಿ, ಬನಹಟ್ಟಿ ಎರಡೂರಿನವರೂ ಅವಳನ್ನೇ ಕರೆಯುತ್ತಿದ್ದರು. ಒಮ್ಮೆ ರೇಷ್ಮೆ ಕದ್ದವನನ್ನೂ ಹೀಗೇ ಹಿಡಿದುಕೊಟ್ಟಿದ್ದಳು.

"ಎರಡೂ ಹಾಡು ಹಚ್ಚರಿ, ಮಾಸ್ತರ," ಎಂದಳು.

ಕೇಳಿದಳು. ಮುಧೋಳದ್ದನ್ನು ಇನ್ನೊಮ್ಮೆ ಕೇಳಿದಳು.

"ಎರಡನೇ ಸಾಲಿನ ತುದಿ ಇವರದರಾಗ ಎರಡ ಸಲ ಬರತೈತಿ. ನಿಮ್ಮದರಾಗ ಒಂದ ಸಲ. ಯಾಕ?"

"ಕದ್ದದ್ದು ಗೊತ್ತಾಗಬಾರದಂತ ಬದಲ ಮಾಡ್ಯಾರ."

"ಬದಲ ಮಾಡಿದವರು ತಾಳಕ್ಕ ಹೊಂದಸ್ತಿದ್ರು. ಇಲ್ಲಿ ತಬಲಾ ಎಡವತೈತಿ, ಕೇಳರಿ. ಇದು ಬೇಕಂತ ಮಾಡಿದ್ದಲ್ಲ, ಸಿಕ್ಕಂಗ ಹಾಡಿದ್ದು. ಒಂದ ಕಾರ್ಡ್ ಎರಡ ಸಲ ಬಿದ್ದ ಸೀರಿ ಇದ್ದಂಗ. ನಿಮ್ಮ ಪ್ಲೇಟ್ ಹಚ್ಚರಿ."

ಪ್ಲೇಟು ತಿರುಗಿತು. ತುದಿ ಒಂದೇ ಸಲ ಬಂತು. ಮಾಸ್ತರರಿಗೆ ಮತ್ತಷ್ಟು ಗೊಂದಲ. ಪ್ಲೇಟಿನಲ್ಲಿಲ್ಲದ್ದು, ತಮ್ಮ ಹಾಡಿನಲ್ಲೂ ಇಲ್ಲದ್ದು, ಕಳ್ಳನಿಗೆ ಎಲ್ಲಿಂದ ಸಿಕ್ಕಿತು?

ಅನಸವ್ವ ಬಗ್ಗಿ ಯಂತ್ರವನ್ನು ನೋಡಿದಳು. "ಸೂಜಿ ಮ್ಯಾಲೆ ಎಂಟಾಣೆ ಯಾಕ ಅಂಟಿಸೀರಿ?"

"ಪ್ಲೇಟಿನ ಮ್ಯಾಲೆ ಗೀರು ಐತ್ರಿ. ಭಾರ ಇಲ್ಲಂದ್ರ ಸೂಜಿ ಹಾರತೈತಿ."

"ಕೀಳರಿ ಅದನ್ನ."

ನಾಣ್ಯ ಕಿತ್ತರು. ಎರಡನೇ ಸಾಲಿನ ತುದಿಗೆ ಬಂದ ಸೂಜಿ ಟಕ್ಕೆಂದು ಹಿಂದೆ ಜಿಗಿಯಿತು. ತುದಿ ಎರಡು ಸಲ ಬಂತು. ಮುಧೋಳದ ಹಾಡಿನಲ್ಲಿದ್ದ ಹಾಗೆಯೇ.

ಅನಸವ್ವ ಸೂಜಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಎಂಟಾಣೆ ಯಾವಾಗ ಅಂಟಿಸಿದ್ರಿ?"

"ರಿಪೇರಿಯಿಂದ ತಂದ ದಿನಾನ. ಮೊದಲನೇ ಸಲ ಹಚ್ಚಿದಾಗ ಹಾರಿತು. ಆಗಿಂದಾಗ ಅಂಟಿಸಿದೆ."

"ಆಗ ಮುತ್ತಣ್ಣ ಇದ್ದನ? ನಮ್ಮ ಹುಡುಗಿ?"

"ಇಲ್ಲ. ನಾ ಒಬ್ಬನ ಇದ್ದೆ. ಅವರು ಬಂದದ್ದು ಆಮೇಲೆ."

"ಅಂದ್ರ ಇವರಿಬ್ಬರೂ ತುದಿ ಒಂದ ಸಲ ಬರೂದನ್ನ ಅಷ್ಟ ಕೇಳ್ಯಾರ. ಕದ್ದವ ನಿಮ್ಮ ಹಾಡ ಕದ್ದೇ ಇಲ್ಲ, ಮಾಸ್ತರ. ಎಂಟಾಣೆ ಅಂಟಸೂಕಿಂತ ಮೊದಲ ಪ್ಲೇಟ್ ಕೇಳ್ಯಾನ. ರಿಪೇರಿಗಿಂತ ಮೊದಲ ಯಂತ್ರ ತಿರಗತಿದ್ದಿಲ್ಲ. ಹಂಗಾದ್ರ ಅದನ್ನ ತಿರಗಿಸಿ ನೋಡಿದವರು ಯಾರು? ಪ್ಲೇಟ್ ಎಲ್ಲಿತ್ತು ಆವಾಗ?"

"ಅದೂ ರಿಪೇರಿ ಅಂಗಡಿಯಾಗ," ಎಂದರು ಮಾಸ್ತರರು. ಪರೀಕ್ಷೆಗೆ ಬೇಕಾಗುತ್ತದೆಂದು ಪ್ಲೇಟನ್ನೂ ಯಂತ್ರದ ಜೊತೆಗೇ ಬಿಟ್ಟುಬಂದವರು ತಾವೇ.

"ಲಗಮಪ್ಪ," ಎಂದಳು ಅನಸವ್ವ. "ಹುಡುಗಿ ಹೆಸರು ನಿಮ್ಮ ಕಿವಿಗೆ ಹಾಕಿದವನೂ ಅವನ ಅಲ್ಲೇನು?"

ಮೂವರೂ ಬಜಾರಿಗೆ ಹೋದರು. ಲಗಮಪ್ಪ ಹೆಚ್ಚು ಹೊತ್ತು ತಡೆದುಕೊಳ್ಳಲಿಲ್ಲ. ಟೆಸ್ಟ್ ಮಾಡುವಾಗ ಟೇಪಿಗೆ ಹಿಡಿದಿದ್ದ, ಮುಧೋಳದಿಂದ ಟೇಪ್ ರೆಕಾರ್ಡರ್ ರಿಪೇರಿಗೆ ಬಂದವರಿಗೆ ಕೇಳಿಸಿದ್ದ, ಅವರು ಆ ಟೇಪನ್ನು ಒಯ್ದಿದ್ದರು. ತಲೆ ಎತ್ತದೆಯೇ ಅಂದ: "ನೀವೂ ಅದರಿಂದನ ಎತ್ತಿದ್ರಿ, ಮಾಸ್ತರ. ನಂದಷ್ಟ ಕಳವು ಹೆಂಗಾತು?"

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾಲ್ಕು ತಿಂಗಳು ಪಟ್ಟ ಕಷ್ಟ ತಮ್ಮದೇ ಆಗಿತ್ತು. ಧಾಟಿ ಯಾರದು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಹುಡುಗಿ ಹೆಸರು ಕೆಡಿಸಿದ್ಯಲ್ಲ, ಅದು ಕಳವಿಗಿಂತ ಕೆಟ್ಟದ್ದು," ಎಂದಷ್ಟೇ ಹೇಳಿ ಹೊರಬಂದರು. ಬೀದಿಯಲ್ಲಿ ವೈಶಾಲಿಯ ಎದುರು ನಿಂತರು. "ನನ್ನಿಂದ ತಪ್ಪಾತು, ತಂಗಿ. ನಿಮ್ಮಣ್ಣನ ಮುಂದ ನಾನ ಬಂದು ಹೇಳತೇನಿ. ಹಾಡತೀ?"

ವೈಶಾಲಿ ಅತ್ತೆಯ ಕೈಯಿಂದ ಕೈ ಬಿಡಿಸಿಕೊಂಡಳು.

"ಹಾಡತೇನ್ರಿ. ಕ್ಯಾಸೆಟ್ ಕವರಿನ ಮ್ಯಾಲೆ ಆ ಇಟಲಿಯವರ ಹೆಸರು ಹಾಕಬೇಕು."

"ನನಗ ಆ ಭಾಷಾ ಓದಾಕ ಬರೂದಿಲ್ಲ."

"ನನಗೂ ಬರೂದಿಲ್ಲ," ಎಂದಳು ಅವಳು. "ಪ್ಲೇಟಿನ ಮ್ಯಾಲಿನ ಅಕ್ಷರ ನೋಡಿ ನೋಡಿ ಬರಿಯೂಣ್ರಿ."