ಅಗ್ರಹಾರದ ಬಾಗಿನ ಪ್ರಕರಣ

2008ರ ಆಗಸ್ಟ್ 25, ಸೋಮವಾರ. ಬೆಳಿಗ್ಗೆ ಹನ್ನೊಂದೂವರೆಗೆ ಪ್ರೇಮಲೀಲಾ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಬೆನ್ನ ಹಿಂದೆ ಅಗ್ರಹಾರದ ಒಂದು ಬೀದಿಯೇ ಬಂದಿತ್ತು. ದೂರು ಕೊಡಲು ಬಂದವರು ಪ್ರೇಮಲೀಲಾ. ಉಳಿದ ಏಳೆಂಟು ಹೆಂಗಸರು ಬಂದದ್ದು ಆಕೆಯ ಮೇಲೆಯೇ ದೂರು ಹೇಳಲು.

"ದುಡ್ಡು ತಿಂದ್ಬುಟ್ಟವಳೆ ಕಣ್ರೀ ಸಾರ್. ಈಗ ಕಂಪ್ಯೂಟರ್ ಮೇಲೆ ಹಾಕ್ತಾವಳೆ," ಎಂದರು ಎಲ್ಲರಿಗಿಂತ ಮುಂದಿದ್ದ ಪಾರ್ವತಮ್ಮ. "ತಿಪಟೂರಲ್ಲಿರೋ ನನ್ನ ಮಗಳಿಗೆ ಈ ಸಲ ಬಾಗಿನ ಇಲ್ಲ. ಯಾರು ಜವಾಬ್ದಾರಿ?"

ಇನ್ಸ್‌ಪೆಕ್ಟರ್ ಮಹದೇವು ಹಳ್ಳಿಯಲ್ಲಿ ಬೆಳೆದವರು. ಬೀದಿ ಜಗಳ ಅವರಿಗೆ ಹೊಸದಲ್ಲ. ಈ ಇಂಟರ್‌ನೆಟ್ಟು, ಮೇಲು ಇವೆಲ್ಲ ಹೊಸದು. ಹೆಂಗಸರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪ್ರೇಮಲೀಲಾರನ್ನು ಒಳಗೆ ಕರೆದರು. ಬರೆದುಕೊಳ್ಳಲು ಮಹಿಳಾ ಕಾನ್‌ಸ್ಟೇಬಲ್ ಚಾಮುಂಡೇಶ್ವರಿ ಕೂತಳು.

"ಏನು ಕೆಲಸ ನಿಮ್ದು?"

"ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ ಸಾರ್. ನಮ್ಮ ಬೀದೀಲಿ ಬ್ಯಾಂಕ್ ಕಾರ್ಡ್ ಇರೋದು ನನ್ನ ಹತ್ರ ಮಾತ್ರ. ಅದಕ್ಕೇ ಎಲ್ರೂ ನನ್ನ ಕೈಗೇ ದುಡ್ಡು ಕೊಟ್ರು. ನೆಟ್‌ನಲ್ಲಿ 'ಹಬ್ಬದಂಗಡಿ' ಅಂತ ಇದೆ. ದುಡ್ಡು ಕಟ್ಟಿದ್ರೆ ಮೊರ, ಸೀರೆ, ಬಳೆ ಎಲ್ಲ ಜೋಡಿಸಿ, ಹೆಣ್ಣುಮಕ್ಕಳಿರೋ ಊರಿಗೇ ಗೌರಿ ಬಾಗಿನ ತಲುಪಿಸ್ತಾರೆ."

"ಆರ್ಡರ್ ಎಲ್ಲಿಂದ ಮಾಡಿದ್ರಿ?"

"ಬೀದಿ ಕೊನೇಲಿರೋ ಬ್ರೌಸಿಂಗ್ ಸೆಂಟರಿಂದ. ಪಾರ್ವತಮ್ಮನ ಸೊಸೆ ಬಿಂದುಶ್ರೀ ಅಲ್ಲೇ ಕೆಲಸ ಮಾಡೋದು. ಅಡ್ರೆಸ್ ಎಲ್ಲ ಅವಳೇ ಟೈಪ್ ಮಾಡಿ ಕೊಟ್ಲು. ಕಾರ್ಡ್ ನಂಬರ್ ಮಾತ್ರ ನಾನೇ ಒತ್ತಿದ್ದು, ಅಂಗೈ ಅಡ್ಡ ಇಟ್ಕೊಂಡು."

"ಎಷ್ಟು ಮನೇದು?"

"ಹನ್ನೊಂದು. ಶುಕ್ರವಾರ ಆರು ಮುಗಿಸೋ ಹೊತ್ತಿಗೆ ಕರೆಂಟ್ ಹೋಯ್ತು. ಶನಿವಾರ ಈ ಮೇಲ್ ಬಂತು."

ಮುದ್ರಿಸಿ ತಂದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು. ನೀವು ಕೊಟ್ಟ ಆರು ಬಾಗಿನದ ಹಣ ನಮಗೆ ಬಂದಿಲ್ಲ. ಇಂದು ಸಂಜೆಯೊಳಗೆ ಕೆಳಗಿನ ಲಿಂಕ್ ಒತ್ತಿ ಕಾರ್ಡಿನ ವಿವರ ಮತ್ತೆ ತುಂಬದಿದ್ದರೆ ಹಬ್ಬಕ್ಕೆ ತಲುಪುವುದಿಲ್ಲ ಎಂದು ಇಂಗ್ಲಿಷಿನಲ್ಲಿತ್ತು.

"ಒತ್ತಿದ್ರಾ?"

"ತವರಿನ ಬಾಗಿನ ಬರ್ಲಿಲ್ಲ ಅಂದ್ರೆ ಅತ್ತೆ ಮನೇಲಿ ಆ ಹುಡುಗೀರು ಎಲ್ಲಿ ಮುಖ ಇಟ್ಕೋತಾರೆ ಸಾರ್? ಇನ್ನೊಂದು ಸಲ ಓದಿ ನೋಡ್ಲಿಲ್ಲ. ಒತ್ಬುಟ್ಟೆ." ಪ್ರೇಮಲೀಲಾ ಸೆರಗಿನಿಂದ ಮೂಗು ಒರೆಸಿಕೊಂಡರು. "ಇವತ್ತು ಬ್ಯಾಂಕಿಗೆ ಹೋದ್ರೆ ಖಾತೆ ಖಾಲಿ. ಉಳಿದ ಐದು ಮನೆ ದುಡ್ಡೂ ಅದ್ರಲ್ಲೇ ಇತ್ತು. ದುಡ್ಡು ಹೆಂಗೋ ದುಡೀಬಹುದು ಸಾರ್. ಹಬ್ಬದೊಳಗೆ ನಾನು ಕಳ್ಳಿ ಅಲ್ಲ ಅಂತ ಗೊತ್ತಾಗ್ಬೇಕು. ನಾಳೆಯಿಂದ ಅದೇ ಬೀದೀಲೇ ಬಾಳ್ಬೇಕಲ್ಲ ನಾನು."

ಆ ಕೊನೆಯ ಮಾತು ಮಹದೇವು ಅವರ ಎದೆಗೆ ನಾಟಿತು. ಐಪಿಸಿ ಕಲಂ 420, ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಚಾಮುಂಡೇಶ್ವರಿ ಎರಡು ಮೇಲ್‌ಗಳನ್ನು ಅಕ್ಕಪಕ್ಕ ಇಟ್ಟಳು. ಒಂದು ಶುಕ್ರವಾರ ಅಂಗಡಿಯಿಂದ ನಿಜವಾಗಿ ಬಂದದ್ದು, ಇನ್ನೊಂದು ಶನಿವಾರದ್ದು.

"ನೋಡಿ ಸಾರ್. ಶುಕ್ರವಾರದ್ದರಲ್ಲಿ ಪ್ರೇಮಲೀಲಾ ಅಂತ ಹೆಸರು ಹಿಡಿದು ಕರ್ದವ್ರೆ. ಶನಿವಾರ 'ಡಿಯರ್ ಕಸ್ಟಮರ್' ಅಂತೆ. ಹೆಸರೇನೋ ಹಬ್ಬದಂಗಡಿ ಅಂತಿದೆ, ಕಳಿಸಿದ ವಿಳಾಸ ನೋಡಿದ್ರೆ ಯಾರು ಬೇಕಾದ್ರೂ ಪುಕ್ಕಟೆ ಮಾಡ್ಕೊಳೋ ಅಂಥದ್ದು. ಲಿಂಕ್ ಒತ್ತಿದ್ರೆ ಬರೋ ಪುಟದಲ್ಲಿ ಬಣ್ಣ, ಚಿತ್ರ ಎಲ್ಲ ಅಂಗಡೀದೇ. ಮೇಲಿನ ಪಟ್ಟೀಲಿರೋ ವಿಳಾಸ ಮಾತ್ರ ಬೇರೆ. ಅಂಗಡಿ ನಂಬರಿಗೆ ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತು."

"ಹಬ್ಬ ಕುತ್ತಿಗೆ ಮೇಲೆ ಕೂತಿರುವಾಗ ಯಾರು ಕೇಳ್ತಾರಮ್ಮ? ಅದು ಗೊತ್ತಿದ್ದೇ ಸಂಜೆಯೊಳಗೆ ಅಂದಿರೋದು." ಮಹದೇವು ಬೆರಳಿನಿಂದ ಒಂದು ಸಾಲು ತೋರಿಸಿದರು. "ಆರು ಬಾಗಿನ ಅಂತಿದೆ. ಎಲ್ಲೋ ದೂರ ಕೂತು ಸಾವಿರ ಜನಕ್ಕೆ ಬಲೆ ಬೀಸೋನಿಗೆ ಈ ಲೆಕ್ಕ ಹೆಂಗೆ ಗೊತ್ತು? ಇದು ಹತ್ತಿರದೋರ ಕೆಲಸ."

ಮಂಗಳವಾರ ಬ್ಯಾಂಕಿನ ಉತ್ತರ ಬಂತು. ಹಣವೆಲ್ಲ ಒಂದೇ ಏಟಿಗೆ ಹೋಗಿತ್ತು, ಅದೂ ಅದೇ ಹಬ್ಬದಂಗಡಿಗೆ. ಮಹದೇವು ಅಂಗಡಿಯ ಬೆಂಗಳೂರಿನ ಕಚೇರಿಗೆ ನೋಟಿಸ್ ಕಳಿಸಿದರು. ಬುಧವಾರ ಫ್ಯಾಕ್ಸ್ ಬಂತು: ಅಂಗಡಿಯಲ್ಲಿದ್ದುದರಲ್ಲೇ ದುಬಾರಿ ಬಾಗಿನ, ರೇಷ್ಮೆ ಸೀರೆ, ಬೆಳ್ಳಿಯ ಕುಂಕುಮ ಭರಣಿ. ತಲುಪಬೇಕಾದ ದಿನ ಗುರುವಾರ. ತಲುಪಬೇಕಾದವರು ಬಿಂದುಶ್ರೀ, ಪಾರ್ವತಮ್ಮನವರ ಮನೆ, ಅಗ್ರಹಾರ. ಕಳಿಸಿದವರು ತಂದೆ ಚೆಲುವಯ್ಯ, ಗುಂಡ್ಲುಪೇಟೆ ತಾಲ್ಲೂಕು.

"ಇದೇನ್ ಸಾರ್," ಎಂದಳು ಚಾಮುಂಡೇಶ್ವರಿ. "ಕದ್ದ ಮಾಲನ್ನ ಸ್ವಂತ ಮನೆ ಬಾಗಿಲಿಗೇ ತರಿಸ್ಕೊಳೋ ಕಳ್ಳರಿದ್ದಾರಾ? ಯಾರೋ ಸಿಕ್ಕಾಕ್ಸೋಕೆ ಮಾಡಿರ್ಬೇಕು."

ಮಹದೇವು ಅವರಿಗೂ ಅದೇ ಅನುಮಾನ. ಫ್ಯಾಕ್ಸಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು.

"ಚೆಲುವಯ್ಯನವರಾ? ನಿಮ್ಮ ಮಗಳಿಗೆ ಗೌರಿ ಬಾಗಿನ ಕಳಿಸಿದ್ದೀರಾ?"

"ಯಾವ ಮಗಳು?" ಎಂದಿತು ಗಡಸು ದನಿ. "ನಂಗಿರೋನು ಒಬ್ನೇ ಮಗ. ಎಣ್ ಮಕ್ಳಿಲ್ಲ." ಫೋನ್ ಕುಕ್ಕಿದ ಸದ್ದಾಯಿತು.

ಸಂಜೆ ಚಾಮುಂಡೇಶ್ವರಿ ಸೀರೆಯುಟ್ಟು ಅಗ್ರಹಾರದಲ್ಲಿ ಸುತ್ತಾಡಿ ಬಂದಳು. ಬಿಂದುಶ್ರೀ ಪಾರ್ವತಮ್ಮನ ಮಗ ಅಮರೇಶನನ್ನು ಪ್ರೀತಿಸಿ ಮದುವೆಯಾದವಳು, ಜಾತಿ ಬೇರೆ. ನಾಲ್ಕು ವರ್ಷದಿಂದ ತವರಿನವರು ಇತ್ತ ತಲೆ ಹಾಕಿಲ್ಲ. ಬಾಗಿನ ಕೊಡುವ ದಿನ ಅತ್ತೆ ಬೀದಿಯವರ ಮುಂದೆ, "ಇವಳೋ? ದಿಕ್ಕಿಲ್ದೆ ಬಂದೋಳು" ಎನ್ನುತ್ತಾರಂತೆ.

ಮಹದೇವು ಫ್ಯಾಕ್ಸನ್ನು ಮತ್ತೆ ಎತ್ತಿ ನೋಡಿದರು. "ಬೇರೆ ಬಾಗಿಲಿಗೆ ತರಿಸಿ ಅವಳಿಗೇನು ಉಪಯೋಗ, ಚಾಮುಂಡಿ?" ಎಂದರು.

ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕೊರಿಯರ್‌ನವನು ಬಂದ. ಮಹದೇವು, ಚಾಮುಂಡೇಶ್ವರಿ, ಪಂಚರಿಬ್ಬರು ಎದುರು ಮನೆಯ ಜಗಲಿಯಲ್ಲಿ ಮಫ್ತಿಯಲ್ಲಿ ಕೂತಿದ್ದರು. ಸಹಿ ಹಾಕಿದ್ದು ಬಿಂದುಶ್ರೀ. ಪೆಟ್ಟಿಗೆ ಬಿಚ್ಚಿದವರು ಪಾರ್ವತಮ್ಮ.

"ತಿಮ್ಮಮ್ಮಾ, ಬಾರೇ ಇಲ್ಲಿ!" ಅವರ ಕೂಗು ಬೀದಿಯ ತುದಿಗೂ ಕೇಳಿಸಿತು. "ನಮ್ಮ ಬಿಂದು ತವರಿಂದ ಬಂದೈತೆ ಕಣೇ! ಜರಿ ನೋಡು! ಬೆಳ್ಳಿ ಭರಣಿ ನೋಡು! ಏನಂದ್ಕೊಂಡೆ ನಮ್ಮ ಬೀಗರನ್ನ?"

ಪಕ್ಕದ ಮನೆಯ ತಿಮ್ಮಮ್ಮ ಬಂದರು, ಇನ್ನಿಬ್ಬರು ಬಂದರು. ಪಾರ್ವತಮ್ಮ ಸೀರೆಯನ್ನು ಸೊಸೆಯ ಹೆಗಲಿಗೆ ಹಚ್ಚಿ ನೋಡಿದರು. ಆಕೆ ಹೊಸಿಲ ಮೇಲೆ ಕಂಬದ ಹಾಗೆ ನಿಂತಿದ್ದಳು.

ಚಾಮುಂಡೇಶ್ವರಿ ಏಳಲು ಹೋದಳು. "ಎರಡು ನಿಮಿಷ ಇರು," ಎಂದರು ಮಹದೇವು. ಯಾಕೆ ಹಾಗಂದರೋ, ಅವರಿಗೇ ತಿಳಿಯಲಿಲ್ಲ. ಎರಡು ನಿಮಿಷ ಕಳೆದು ಬೀದಿ ದಾಟಿದರು.

"ಬಿಂದುಶ್ರೀ ಅಂದ್ರೆ ನೀವೇನಾ?"

"ಹೌದು ಸಾರ್."

"ಇದನ್ನ ಕಳಿಸಿದ್ದು ಯಾರು?"

ಅವಳು ಹೆಗಲ ಮೇಲಿನ ಸೀರೆಯನ್ನು ತೆಗೆದು ಮಡಿಸಿ, ಪೆಟ್ಟಿಗೆಯೊಳಗೆ ಇಟ್ಟಳು. "ನಾನೇ ಸಾರ್."

ಸ್ಥಳದಲ್ಲೇ ಪಂಚನಾಮೆ ಆಯಿತು. ಬ್ರೌಸಿಂಗ್ ಸೆಂಟರಿನ ಕೌಂಟರ್ ಕಂಪ್ಯೂಟರಿನಲ್ಲಿ ಹಬ್ಬದಂಗಡಿಯ ನಕಲು ಪುಟ ಸಿಕ್ಕಿತು. ಬಿಂದುಶ್ರೀ ಕಂಪ್ಯೂಟರ್ ಕೋರ್ಸಿನಲ್ಲಿ ಕಲಿತದ್ದು ಹೀಗೆ ಕೆಲಸಕ್ಕೆ ಬಂದಿತ್ತು. ಮಧ್ಯಾಹ್ನ ಎರಡೂ ಹತ್ತಕ್ಕೆ ಚಾಮುಂಡೇಶ್ವರಿ ಅವಳನ್ನು ಬಂಧಿಸಿದಳು.

ಹೇಳಿಕೆಗೆ ಸಹಿ ಹಾಕಲು ಪ್ರೇಮಲೀಲಾ ಠಾಣೆಗೆ ಬಂದರು. ಬಾಗಿಲಲ್ಲೇ ನಿಂತಿದ್ದ ಪಾರ್ವತಮ್ಮ ಅವರ ಕೈ ಹಿಡಿದುಕೊಂಡರು. "ಪ್ರೇಮಾ, ಅವತ್ತು ನಾನು ಬಾಯಿಗೆ ಬಂದಂಗೆ…"

"ಇರ್ಲಿ ಬುಡಿ," ಎಂದು ಪ್ರೇಮಲೀಲಾ ಕೈ ಬಿಡಿಸಿಕೊಂಡರು. ನಾಲ್ಕು ದಿನದಿಂದ ಕಾಯುತ್ತಿದ್ದ ಮಾತು ಅದು. ಕೇಳಿದರೂ ಮನಸ್ಸು ಹಗುರಾಗಲಿಲ್ಲ. ಒಳಗೆ ಬೆಂಚಿನ ಮೇಲಿದ್ದ ಬಿಂದುಶ್ರೀಯ ಮುಂದೆ ಹೋಗಿ ನಿಂತರು.

"ನಿಮ್ಮತ್ತೆ ನನ್ನ ಬೀದೀಲಿ ನಿಲ್ಸಿ ಕಳ್ಳಿ ಅಂದಾಗ ನೀನೂ ಅಲ್ಲೇ ಇದ್ದೆಯಲ್ಲೇ. ಎಂಗೆ ಸುಮ್ನಿದ್ದೆ?"

"ಬ್ಯಾಂಕಿನೋರು ನಿಮ್ಮ ದುಡ್ಡು ವಾಪಸ್ ಹಾಕ್ತಾರೆ ಅಂದ್ಕೊಂಡಿದ್ದೆ ಪ್ರೇಮಕ್ಕ. ಇಷ್ಟಾಗುತ್ತೆ ಅಂತ…" ಬಿಂದುಶ್ರೀ ತಲೆಯೆತ್ತಲಿಲ್ಲ. "ಅವತ್ತು ಆರು ಅಡ್ರೆಸ್ಸೂ ನಾನೇ ಟೈಪ್ ಮಾಡ್ದೆ. ಒಂದೊಂದರ ಕೆಳಗೂ 'ತವರಿಂದ' ಅಂತ ಹಾಕು ಅಂದ್ರಿ. ಹಾಕ್ದೆ. ಆರು ಸಲ ಹಾಕ್ದೆ."

ಪ್ರೇಮಲೀಲಾ ಸಹಿ ಹಾಕಿ ಹೊರಟರು.

ಬಂಧನದ ಸುದ್ದಿಯನ್ನು ಬಂಧುಗಳಲ್ಲೊಬ್ಬರಿಗೆ ತಿಳಿಸಬೇಕೆಂಬುದು ನಿಯಮ. "ನಿಮ್ಮ ಯಜಮಾನ್ರ ಹೆಸರು ಬರ್ಕೊಳ್ಲಾ?" ಎಂದು ಚಾಮುಂಡೇಶ್ವರಿ ಕೇಳಿದಳು.

"ಅವರು ಆಚೆಗೇ ನಿಂತವ್ರೆ, ಗೊತ್ತವರಿಗೆ. ನಮ್ಮಪ್ಪಂಗೆ ತಿಳಿಸಿ ಮೇಡಂ."

ಚಾಮುಂಡೇಶ್ವರಿ ಸಾಹೇಬರ ಮುಖ ನೋಡಿದಳು. ಮಹದೇವು ತಾವೇ ಫೋನ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ನಂಬರ್ ಒತ್ತಿದರು. ಅದೇ ಗಡಸು ದನಿ. ಈ ಸಲ ಅವರು ಏನನ್ನೂ ಕೇಳಲಿಲ್ಲ.

"ಪೊಲೀಸ್ ಠಾಣೆಯಿಂದ ಮಾತಾಡ್ತಿರೋದು. ನಿಮ್ಮ ಮಗಳು ಬಿಂದುಶ್ರೀನ ಇವತ್ತು ಅರೆಸ್ಟ್ ಮಾಡಿದ್ದೀವಿ. ನಾಳೆ ಕೋರ್ಟಿಗೆ ಹಾಜರುಪಡಿಸ್ತೀವಿ. ನಿಮ್ಮ ಹೆಸರಲ್ಲಿ ಅವಳಿಗೆ ಅವಳೇ ಬಾಗಿನ ಕಳಿಸ್ಕೊಂಡಿದ್ಲು. ಅದಕ್ಕೆ ದುಡ್ಡು ಕದ್ದಿದ್ಲು."

ಆ ಕಡೆಯಿಂದ ಮಾತಿಲ್ಲ. ಮಹದೇವು ಕಾದರು. ಚೆಲುವಯ್ಯ ಫೋನನ್ನೂ ಇಡಲಿಲ್ಲ.