ಆರು ಸುತ್ತು, ಆರೂಕಾಲು ಸುತ್ತು

"ಕಾರ್ಬುರೇಟರ್ ಬಿಚ್ಚೋಕೆ ಬರುತ್ತಾ ನಿಂಗೆ?" ಎಂದು ದೋಣಿಯವಳು ಕೇಳಿದಳು.

"ನೂರು ಬಿಚ್ಚಿದೀನಿ," ಎಂದೆ.

ಒಂದೂ ಬಿಚ್ಚಿರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. "ಬರುತ್ತಾ" ಎಂದು ಯಾರು ಕೇಳಿದರೂ ಮೈಯೆಲ್ಲ ಉರಿಯುತ್ತದೆ, ಬಾಯಿ ತಾನಾಗಿ ಸುಳ್ಳು ಹೇಳಿಬಿಡುತ್ತದೆ. ಗ್ಯಾರೇಜಿನ ಮೇಸ್ತ್ರಿ ಕಣ್ಣಿನ ಆಪರೇಷನ್‌ಗೆ ಹೋಗಿದ್ದ. ನಾನು ಅವನ ಕೈಕೆಳಗೆ ಪ್ಲಗ್ ಒರೆಸಿದವನು, ಆಯಿಲ್ ಬದಲಿಸಿದವನು, ಅಷ್ಟೇ.

ಅವಳ ಮೋಟಾರು ಆ ವಾರ ಮೂರು ಸಲ ನಡುನೀರಿನಲ್ಲಿ ನಿಂತಿತ್ತು.

"ಸಂಜೆಯೊಳಗೆ ಸ್ಟಾರ್ಟ್ ಆಗದಿದ್ರೆ ಅಪ್ಪ ದೋಣಿ ಮಾರಿಬಿಡ್ತಾರೆ, ಗಿರಾಕಿನೂ ನೋಡಿಟ್ಟಿದಾರೆ. ನನ್ನನ್ನ ಅಕ್ಕನ ಊರಿಗೆ ಕಳಿಸ್ತಾರಂತೆ, ಬಟ್ಟೆ ಅಂಗಡಿ ಕೆಲಸಕ್ಕೆ." ನಗುತ್ತಲೇ ಹೇಳಿದಳು. ಬೆರಳುಗಳು ಮಾತ್ರ ಹಗ್ಗದ ತುದಿಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದವು.

ದಿನಾ ಬೆಳಿಗ್ಗೆ ಅವಳು ಜನರನ್ನು ಆಚೆ ದಡಕ್ಕೆ ದಾಟಿಸುವುದನ್ನು ನೋಡದೆ ನನ್ನ ಗಂಟಲಲ್ಲಿ ಟೀ ಇಳಿಯುವುದಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಎರಡು ಕಾರ್ಬುರೇಟರು, ಒಂದರ ಮೇಲೊಂದು. ಒಳಗೆ ಹಳೆಯ ಪೆಟ್ರೋಲು ಗೋಂದಿನಂತೆ ಅಂಟಿತ್ತು. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟಿನ ತೂತು ಸೂಜಿಮೊನೆಯಷ್ಟು, ಅದೂ ಕಟ್ಟಿಕೊಂಡಿತ್ತು. ತಂತಿ ತೂರಿಸಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಚುಚ್ಚಿದ್ರೆ ತೂತು ದೊಡ್ಡದಾಗಲ್ವಾ?"

"ಗೊತ್ತು!" ಎಂದು ರೇಗಿದೆ. ಗೊತ್ತಿರಲಿಲ್ಲ. ಕ್ಲೀನರಿನಲ್ಲಿ ನೆನೆಸಿ, ಗಾಳಿಯ ಪೈಪು ಹಿಡಿದು ಊದಿದೆ.

ಅವಳು ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ, ಆ ಪುಟ್ಟ ತೂತನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದಳು.

"ಕಾಣ್ತಿದೆ."

"ಏನು?"

"ಸಿಡುಕುಮೂತಿ. ಚೂರೇ ಚೂರು."

ಹೊಸ ಗ್ಯಾಸ್ಕೆಟ್ ಕೂರಿಸಿ ಎಲ್ಲ ಜೋಡಿಸಿದ ಮೇಲೆ ಒಳಗೆ ಹೋಗುವ ಗಾಳಿಯ ಅಳತೆ ಹಿಡಿಯುವ ಎರಡು ಏರ್ ಸ್ಕ್ರೂ ಉಳಿದವು. ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂದವೋ ತಿರುಗಿ ಅಷ್ಟೇ ಸುತ್ತು ಒಳಗೆ ಹೋಗಬೇಕು. ಇಲ್ಲದಿದ್ದರೆ ಮೋಟಾರು ಕೆಮ್ಮಿ ಸಾಯುತ್ತದೆ. ನಾನು ಎಣಿಸಿರಲಿಲ್ಲ.

ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದೆ. "ನೂರಲ್ಲ. ಒಂದೂ ಬಿಚ್ಚಿಲ್ಲ ನಾನು. ಇದೇ ಮೊದಲು. ಹೋಗು, ನಿಮ್ಮಪ್ಪನಿಗೆ ಹೇಳು."

ಅವಳು ಹೋಗಲಿಲ್ಲ. ಸ್ಕ್ರೂಡ್ರೈವರ್ ಎತ್ತಿ, ಒರೆಸಿ, ನನ್ನ ಅಂಗೈಯಲ್ಲಿಟ್ಟಳು.

"ಮೇಲಿಂದು ಆರು ಸುತ್ತು. ಕೆಳಗಿಂದು ಆರೂಕಾಲು."

"ನಿಂಗೆ ಹೇಗೆ ಗೊತ್ತು?"

"ಎಣಿಸ್ತಿದ್ದೆ."

"ಸ್ಕ್ರೂ ನೋಡ್ತಾ ಕೂತಿದ್ಯಾ?"

"ಸ್ಕ್ರೂ ಯಾರಿಗೆ ಬೇಕು, ಮಾರಾಯಾ? ನಿನ್ನ ಕೈ ನೋಡ್ತಿದ್ದೆ." ಕಿವಿಯವರೆಗೂ ಕೆಂಪಾದಳು. "ಮೊದಲ ಸಲ ಅಂತಲೂ ಗೊತ್ತಿತ್ತು. ನೂರು ಬಿಚ್ಚಿದವನ ಕೈ ಹಾಗೆ ನಡುಗುತ್ತಾ?"

"ಮತ್ತೆ ಯಾಕೆ ಕೊಟ್ಟೆ?"

"ಪೇಟೆಯ ಬೇರೆ ಮೇಸ್ತ್ರಿಗೆ ಕೊಟ್ಟಿದ್ರೆ ಇಡೀ ದಿನ ಇಲ್ಲಿ ಕೂರೋಕೆ ಏನು ನೆಪ ಹೇಳಲಿ?"

ಆರು ಸುತ್ತು ತಿರುಗಿಸಿದೆ. ಆಮೇಲೆ ಆರೂಕಾಲು. ಜೀವನದಲ್ಲಿ ಅಷ್ಟು ಮೆತ್ತಗೆ ನಾನು ಏನನ್ನೂ ತಿರುಗಿಸಿದವನಲ್ಲ.

ಸಂಜೆ ಅವಳಪ್ಪ ಕೈಕಟ್ಟಿಕೊಂಡು ದಡದಲ್ಲಿ ನಿಂತಿದ್ದರು. ಮೋಟಾರನ್ನು ದೋಣಿಗೆ ಕೂರಿಸಿ ಅದರ ಹಗ್ಗ ಎಳೆದೆ, ಸುಮ್ಮನಿತ್ತು. ಮತ್ತೆ ಎಳೆದೆ, ಕೆಮ್ಮಿತು. ಮೂರನೆಯ ಸಲಕ್ಕೆ ಗುರ್ರೆಂದು ಹಿಡಿದುಕೊಂಡಿತು, ಬಿಡಲಿಲ್ಲ.

ಅವರು ತುಂಬ ಹೊತ್ತು ಕಿವಿಗೊಟ್ಟು ಕೇಳಿದರು. "ಮೇಸ್ತ್ರಿ ಯಾವಾಗ ಬಂದ?"

"ಬಂದಿಲ್ಲ ಅಪ್ಪಾ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೈ ತೊಳ್ಕೊಳೋ. ಆ ಗಿರಾಕಿಗೆ ಬರಬೇಡ ಅಂತ ಹೇಳಿ ಬರ್ತೀನಿ," ಎಂದು ಹೊರಟರು.

ಅವಳು ದೋಣಿಯಿಂದಲೇ ಕೂಗಿದಳು: "ನಾಳೆ ಮೊದಲ ಟ್ರಿಪ್ಪಿಗೆ ಬಾ."

"ಆಚೆ ದಡದಲ್ಲಿ ನಂಗೇನು ಕೆಲಸ?"

"ನನ್ನ ಜೊತೆ ವಾಪಸ್ ಬರೋದು."